ಮಗುವಿನ ಮಲದಲ್ಲಿ ರಕ್ತ ಕಂಡರೆ

(ಕಲಿಕಾ ಕೇಂದ್ರವೊಂದರಲ್ಲಿ ಅಕ್ಕತಂಗಿಯರ ಮುಂದೆ ಆಡಿದ ಮಾತು)



ನಾವು ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ನಮ್ಮಲ್ಲಿ ಡಾಕ್ಟರೂ ಇದ್ದಾರೆ, ನರ್ಸಮ್ಮನೂ ಇದ್ದಾರೆ. ಇವತ್ತು ನಾವು ಆಡುವ ಮಾತು ಸ್ವಲ್ಪ ಮುಜುಗರದ್ದು. ಊಟದ ಹೊತ್ತಿನಲ್ಲಿ ಯಾರೂ ಇದನ್ನು ಎತ್ತೋದಿಲ್ಲ. ಮಗುವಿನ ಮಲದ ಮಾತು.

ಮಗು ಎರಡಕ್ಕೆ ಹೋದ ಮೇಲೆ ತೊಳೆಯೋರು ಯಾರು? ತಾಯಿ. ಇಲ್ಲದಿದ್ದರೆ ಅಜ್ಜಿ, ಅಕ್ಕ. ಮಲ ಗಟ್ಟಿಯಾಗಿತ್ತೋ, ನೀರಾಗಿತ್ತೋ, ಯಾವ ಬಣ್ಣ ಇತ್ತು, ಇದೆಲ್ಲ ಮನೆಯಲ್ಲಿ ಅವರಿಗೆ ಮಾತ್ರ ಗೊತ್ತು. ನಾವು ಈಗ ಹೇಳುವ ಕಾಯಿಲೆ ಡಾಕ್ಟರಿಗಿಂತ ಮುಂಚೆ ಕಾಣುವುದು ನಿಮಗೆ. ನೀವು ಕಂಡದ್ದನ್ನು ಬಾಯಿಬಿಟ್ಟು ಹೇಳಿದರೆ ನಮ್ಮ ಕೆಲಸ ಅರ್ಧ ಆದ ಹಾಗೆ.

ಒಂದು ಮನೆಯ ವಿಷಯ ಹೇಳ್ತೀವಿ. ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಬಂದರು. ಮಗು ಬೆಳ್ಳಗೆ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಗೋಡೆಯ ಸುಣ್ಣ ಕೆರೆದು ತಿನ್ನುತ್ತಿತ್ತು.

"ಏನಾಗಿದೆ ತಾಯೀ?" ಅಂದೆವು.

"ಊಟ ಸೇರಲ್ಲ, ಸುಸ್ತು" ಅಂದರು.

ಬೇರೆ ಏನೂ ಹೇಳಲಿಲ್ಲ. ಜೊತೆಯಲ್ಲಿ ಮೈದುನ ನಿಂತಿದ್ದರು. ಅವರು ಚೀಟಿ ಮಾಡಿಸಲು ಆಚೆ ಹೋದ ಮೇಲೆ ತಾಯಿ ತಗ್ಗಿದ ದನಿಯಲ್ಲಿ ಹೇಳಿದರು, "ಕಕ್ಕ ಮಾಡುವಾಗ ಕೆಂಪಗೆ ರಕ್ತ ಬೀಳುತ್ತೆ."

"ಯಾವಾಗಿಂದ?"

"ಹೋದ ದೀಪಾವಳಿಯಿಂದ."

ಅವರು ಬಂದಾಗ ಗಣಪತಿ ಹಬ್ಬ ಮುಗಿದಿತ್ತು. ಲೆಕ್ಕ ಹಾಕಿ ನೋಡಿ. ಹೆಚ್ಚು ಕಡಿಮೆ ಹತ್ತು ತಿಂಗಳು.

ಈ ಹತ್ತು ತಿಂಗಳು ಅವರೇನು ಸುಮ್ಮನೆ ಕೂತಿರಲಿಲ್ಲ. ಮೊದಲು ಅತ್ತೆ, ಉಷ್ಣ ಆಗಿದೆ ಅಂದರು. ಎಳನೀರು, ಮಜ್ಜಿಗೆ, ನೆನೆಸಿದ ಮೆಂತ್ಯ ಕೊಟ್ಟರು. ಒಂದು ವಾರ ರಕ್ತ ನಿಂತಿತು. ಮತ್ತೆ ಬಂತು. ಜಂತುಹುಳು ಇರಬೇಕು ಅಂತ ಔಷಧಿ ಕುಡಿಸಿದರು. ಮತ್ತೆ ನಿಂತಿತು, ಮತ್ತೆ ಬಂತು. ಆಮೇಲೆ ಯಾರೋ ಇದು ಮೂಲವ್ಯಾಧಿ ಅಂದರು. ಪೇಟೆಯಲ್ಲಿ ಒಬ್ಬರು ಪುಡಿ ಕೊಟ್ಟರು, ತಿಂಗಳಿಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡರು. ಅದಕ್ಕಾಗಿ ಮನೆಯವರು ಎರಡು ಕುರಿ ಮಾರಿದ್ದರು. ಅಷ್ಟು ದಿನದಲ್ಲಿ ಒಬ್ಬರಾದರೂ ಮಗುವಿನ ಚಡ್ಡಿ ಬಿಚ್ಚಿ ನೋಡಿರಲಿಲ್ಲ.

ನಾವು ಕೈಗವಸು ಹಾಕಿಕೊಂಡು, ಬೆರಳಿಗೆ ಜಾರುವ ಮುಲಾಮು ಸವರಿ, ಮಗುವಿನ ಮಲದ್ವಾರದೊಳಗೆ ಮೆಲ್ಲಗೆ ಪರೀಕ್ಷೆ ಮಾಡಿದೆವು. ಬೆರಳಿಗೆ ಒಂದು ಮೆತ್ತನೆಯ ಗಂಟು ತಗುಲಿತು. ಅದು ಅತ್ತಿತ್ತ ಓಲಾಡುತ್ತಿತ್ತು. ಇದಕ್ಕೆ ಪಾಲಿಪ್ ಅಂತ ಹೆಸರು.

ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಅಂತಾರಲ್ಲ, ಕೇಳಿದ್ದೀರಿ. ಅದೇ ರೀತಿ ದೊಡ್ಡ ಕರುಳಿನ ಒಳಗೋಡೆಯಲ್ಲೂ ಬೆಳೆಯುವುದುಂಟು. ಮಕ್ಕಳಲ್ಲಿ ಸಾಮಾನ್ಯವಾಗಿ ಅದಕ್ಕೆ ಒಂದು ತೊಟ್ಟು ಇರುತ್ತದೆ. ತೊಟ್ಟಿನ ತುದಿಯಲ್ಲಿ ಕೆಂಪು ಹಣ್ಣು ತೂಗಿದ ಹಾಗೆ ಕಾಣುತ್ತದೆ. ಕೆಲವು ಕಡಲೆಕಾಳಿನಷ್ಟು ಇರುತ್ತವೆ. ಕೆಲವು ಬೋರೆಹಣ್ಣಿನಷ್ಟು. ಕತ್ತರಿಸಿ ನೋಡಿದರೆ ಒಳಗೆ ಸಣ್ಣ ಸಣ್ಣ ಗುಳ್ಳೆ, ಗುಳ್ಳೆಯೊಳಗೆ ಲೋಳೆ. ಮೇಲಿನ ಚರ್ಮ ಬಹಳ ಮೆತ್ತಗೆ. ಮಲ ಉಜ್ಜಿಕೊಂಡು ಹೋದರೆ ಸಾಕು, ರಕ್ತ ಜಿನುಗುತ್ತದೆ. ಒಂದೊಂದು ದಿನ ಉಜ್ಜೋದಿಲ್ಲ, ರಕ್ತ ಬರೋದಿಲ್ಲ. ಅದಕ್ಕೇ ಮೆಂತ್ಯ ಕೊಟ್ಟಾಗ ನಿಂತಿತು, ಪುಡಿ ಕೊಟ್ಟಾಗ ನಿಂತಿತು ಅಂತ ಅನ್ನಿಸುವುದು. ಅದು ತಾನಾಗಿ ನಿಂತಿತ್ತು, ಹೆಸರು ಪುಡಿಗೆ ಬಂತು.

ಮಕ್ಕಳ ಈ ಪಾಲಿಪ್ ಹೆಚ್ಚಾಗಿ 2 ವರ್ಷದಿಂದ 10 ವರ್ಷದ ಒಳಗೆ ಕಾಣಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ ಒಂದೇ ಒಂದು ಇರುತ್ತದೆ. ಅದೂ ಕರುಳಿನ ಕೊನೆಯ ಭಾಗದಲ್ಲಿ, ಮಲದ್ವಾರಕ್ಕೆ ಹತ್ತಿರ. ಇಂಥದ್ದಕ್ಕೆ ಡಾಕ್ಟರು ಜುವೆನೈಲ್ ಪಾಲಿಪ್ ಅನ್ನುತ್ತಾರೆ. ಅಂದರೆ ಎಳೆಯರ ಪಾಲಿಪ್. ಒಂದೇ ಇದ್ದರೆ ಇದು ಕ್ಯಾನ್ಸರ್ ಅಲ್ಲ. ಈ ಮಾತನ್ನು ಗಟ್ಟಿಯಾಗಿ ಹೇಳ್ತೀವಿ. ಯಾಕಂದರೆ ಗಡ್ಡೆ ಅಂದ ಕೂಡಲೇ ತಾಯಂದಿರ ಕಣ್ಣಲ್ಲಿ ನೀರು ಬರುತ್ತದೆ.

ಇದು ಯಾಕೆ ಬಂತು? ಬಸುರಿಯಲ್ಲಿ ನೀವು ತಿಂದ ಪರಂಗಿಹಣ್ಣಿನಿಂದ ಬಂದದ್ದಲ್ಲ. ಮಗು ಬಿಸಿಲಲ್ಲಿ ಆಡಿದ್ದಕ್ಕೆ ಬಂದದ್ದೂ ಅಲ್ಲ. ಯಾರ ದೃಷ್ಟಿಯೂ ತಾಗಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಎಷ್ಟೋ ಮನೆಯಲ್ಲಿ ಮಗುವಿಗೆ ಏನಾದರೂ ಆದರೆ ಮೊದಲು ಸೊಸೆಯ ಕಡೆ ಬೆರಳು ತೋರಿಸುತ್ತಾರೆ. ಇಲ್ಲಿ ಆ ಬೆರಳಿಗೆ ಕೆಲಸ ಇಲ್ಲ.

ಈಗ ರಕ್ತದ ಗುರುತು ನೋಡೋಣ. ಮಲದಲ್ಲಿ ಕೆಂಪು ಕಂಡರೆ ಎಲ್ಲಾ ಪಾಲಿಪ್ ಅಲ್ಲ. ಮೊದಲು ಹಿಂದಿನ ದಿನ ಮಗು ಏನು ತಿಂದಿತ್ತು ನೆನೆಸಿಕೊಳ್ಳಿ. ಬೀಟ್‌ರೂಟ್ ಪಲ್ಯ ತಿಂದರೆ ಕೆಂಪಾಗುತ್ತದೆ. ಜಾತ್ರೆಯ ಬಣ್ಣದ ಮಿಠಾಯಿಯಿಂದಲೂ ಆಗುತ್ತದೆ. ಕಬ್ಬಿಣದ ಟಾನಿಕ್ ಕುಡಿದರೆ ಕಪ್ಪಾಗುತ್ತದೆ. ಇದಕ್ಕೆ ಹೆದರಬೇಡಿ.

ಮಗು ಮುಕ್ಕುತ್ತದೆ, ಅಳುತ್ತದೆ, ಮಲ ಕಲ್ಲಿನ ಹಾಗೆ ಇದೆ, ಮೇಲೆ ಒಂದು ಗೆರೆ ರಕ್ತ. ಇದು ಮಲದ್ವಾರದ ಅಂಚು ಸೀಳಿದ್ದರಿಂದ ಬಂದದ್ದು. ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ನೀರು, ಹಣ್ಣು, ಸೊಪ್ಪು, ಮಲ ಮೆತ್ತಗಾಗಲು ಡಾಕ್ಟರು ಕೊಡುವ ಔಷಧಿ, ಇಷ್ಟರಲ್ಲಿ ಸರಿಹೋಗುತ್ತದೆ.

ಜ್ವರ ಇದೆ, ಹೊಟ್ಟೆ ನುಲಿಯುತ್ತದೆ, ದಿನಕ್ಕೆ ಹತ್ತಾರು ಸಲ ಲೋಳೆಯ ಜೊತೆ ರಕ್ತ ಹೋಗುತ್ತದೆ. ಇದು ರಕ್ತಭೇದಿ, ಆಮಶಂಕೆ. ಓ.ಆರ್.ಎಸ್. ಕುಡಿಸುತ್ತಾ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದಿದೆ. ಇದನ್ನು ಚೆನ್ನಾಗಿ ನೆನಪಿಡಿ. ಎರಡು ವರ್ಷದೊಳಗಿನ ಕೂಸು ಇದ್ದಕ್ಕಿದ್ದ ಹಾಗೆ ಚೀರುತ್ತದೆ. ಕಾಲನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಚೀರುತ್ತದೆ. ವಾಂತಿ ಮಾಡುತ್ತದೆ. ಆಮೇಲೆ ಕೆಂಪು ಲೋಳೆಯಂಥ ಮಲ ಹೋಗುತ್ತದೆ. ಕರುಳಿನೊಳಗೆ ಕರುಳು ತೂರಿಕೊಂಡಿರುತ್ತದೆ. ರವಿಕೆ ಬಿಚ್ಚುವಾಗ ತೋಳು ಒಳಗೆ ಮಡಚಿಕೊಳ್ಳುತ್ತಲ್ಲ, ಹಾಗೆ. ಇದಕ್ಕೆ ಬೆಳಗಾಗುವ ತನಕ ಕಾಯಬಾರದು. 108ಕ್ಕೆ ಫೋನ್ ಮಾಡಿ. ನೋವೇ ಇಲ್ಲದೆ ಬಟ್ಟೆ ತೋಯುವಷ್ಟು ರಕ್ತ ಹೋದರೂ ಅಷ್ಟೇ, ಕಾಯಬೇಡಿ.

ಹಾಗಾದರೆ ಪಾಲಿಪ್ ರಕ್ತದ ಗುರುತು ಏನು? ಮಗು ಅಳುವುದಿಲ್ಲ. ಜ್ವರ ಇಲ್ಲ, ಹೊಟ್ಟೆನೋವು ಇಲ್ಲ. ಮಲ ಎಂದಿನಂತೆ ಮೆತ್ತಗೆ ಇರುತ್ತದೆ. ಅದರ ಮೇಲೆ ಕೆಂಪು ರಕ್ತ ಸವರಿದ ಹಾಗೆ ಇರುತ್ತದೆ. ಇಲ್ಲವೇ ಕೊನೆಯಲ್ಲಿ ಹನಿ ಹನಿ ಬೀಳುತ್ತದೆ. ಮಗು ಎದ್ದು ಆಡಲು ಓಡುತ್ತದೆ. ವಾರ ಬಿಟ್ಟು ಮತ್ತೆ ಹಾಗೇ. ನೋವಿಲ್ಲ ಅಂತಲೇ ಮನೆಯವರು ತಡ ಮಾಡುವುದು. ದಿನಕ್ಕೆ ಹನಿ ಹನಿ ಹೋದರೂ ತಿಂಗಳುಗಟ್ಟಲೆ ಹೋದರೆ ಮೈಯ ರಕ್ತ ಬತ್ತುತ್ತದೆ. 2ರಿಂದ 5 ವರ್ಷದ ಮಗುವಿಗೆ ಹಿಮೊಗ್ಲೋಬಿನ್ 11 ಆದರೂ ಇರಬೇಕು. ಆ ಹುಡುಗನಿಗೆ 7 ಇತ್ತು. ಸುಣ್ಣ, ಮಣ್ಣು ತಿನ್ನುವ ಮಕ್ಕಳನ್ನು ಹೊಡೆಯುತ್ತೀರಿ. ಹೊಡೆಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಸಣ್ಣ ಮಕ್ಕಳಿಗೆ ಮೂಲವ್ಯಾಧಿ ಬರುವುದು ಬಹಳ ಅಪರೂಪ. ಯಾರಾದರೂ ಮಗುವಿಗೆ ಮೂಲವ್ಯಾಧಿ ಅಂದರೆ, ಪುಡಿಗೆ ದುಡ್ಡು ಕೊಡುವ ಮುಂಚೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಕೆಲವು ಮಕ್ಕಳಲ್ಲಿ ಮುಕ್ಕುವಾಗ ಪಾಲಿಪ್ ಆಚೆಗೇ ಬರುತ್ತದೆ. ಕೆಂಪಗೆ ಕಳಿತ ಬೋರೆಹಣ್ಣಿನ ಹಾಗೆ ಒಂದು ಕಡೆಯಿಂದ ಇಣುಕುತ್ತದೆ. ಎದ್ದು ನಿಂತರೆ ಒಳಗೆ ಹೋಗುತ್ತದೆ. ಅದನ್ನು ಎಳೆಯಬೇಡಿ. ಕೂದಲು, ದಾರ ಕಟ್ಟಬೇಡಿ. ಸುಣ್ಣ ಹಚ್ಚಬೇಡಿ. ತೊಟ್ಟಿನೊಳಗೆ ರಕ್ತನಾಳ ಇರುತ್ತದೆ, ಕಿತ್ತರೆ ರಕ್ತ ಸುರಿಯುತ್ತದೆ. ಒಳಗೆ ಹೋಗದಿದ್ದರೆ ಒದ್ದೆ ಮಾಡಿದ ಶುದ್ಧ ಬಟ್ಟೆಯಿಂದ ಮೆಲ್ಲಗೆ ಒತ್ತಿ. ಆಗಲೂ ಹೋಗದಿದ್ದರೆ ಹಾಗೇ ಬಟ್ಟೆ ಮುಚ್ಚಿ ಕರೆದುಕೊಂಡು ಬನ್ನಿ. ಕೆಲವು ಸಲ ಪಾಲಿಪ್ ತಾನೇ ಕಳಚಿ ಮಲದ ಜೊತೆ ಬೀಳುವುದೂ ಉಂಟು. ಬಿದ್ದರೆ ಎಸೆಯಬೇಡಿ, ಒಂದು ಶುದ್ಧ ಡಬ್ಬಿಯಲ್ಲಿ ಹಾಕಿ ತನ್ನಿ. ಆದರೆ ತಾನಾಗಿ ಬೀಳಲಿ ಅಂತ ಕಾಯುತ್ತಾ ಕೂತರೆ ಮಗು ಸೊರಗುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡ್ತಾರೆ? ಮೊದಲು ಬೆರಳಿನ ಪರೀಕ್ಷೆ. ಬೇಡ ಅನ್ನಬೇಡಿ. ಒಂದು ನಿಮಿಷದ ಕೆಲಸ. ಎಷ್ಟೋ ಪಾಲಿಪ್ ಈ ಬೆರಳಿಗೇ ಸಿಕ್ಕಿಬಿಡುತ್ತವೆ. ಮಗು ಗಂಡಾಗಲಿ ಹೆಣ್ಣಾಗಲಿ, ಪರೀಕ್ಷೆ ಮಾಡುವಾಗ ತಾಯಿ ಪಕ್ಕದಲ್ಲೇ ಇರಬೇಕು. ಅದು ನಿಮ್ಮ ಹಕ್ಕು. ಯಾರಾದರೂ ಆಚೆ ಹೋಗಿ ಅಂದರೆ, ಇಲ್ಲೇ ನಿಲ್ತೀನಿ ಅನ್ನಿ.

ಬೆರಳಿಗೆ ಸಿಗಲಿಲ್ಲ ಅಂದ ಮಾತ್ರಕ್ಕೆ ಪಾಲಿಪ್ ಇಲ್ಲ ಅಂತಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲೂ ಅದು ತಪ್ಪಿಹೋಗಬಹುದು. ಒಳಗೆ ಹೋಗಿ ನೋಡಲು ಒಂದು ಸಾಧನ ಇದೆ. ಬೆರಳಿನಷ್ಟು ದಪ್ಪದ, ಬಾಗುವ ಕೊಳವೆ. ಮಕ್ಕಳಿಗೆ ಇನ್ನೂ ಸಣ್ಣದು ಇದೆ. ತುದಿಯಲ್ಲಿ ದೀಪ, ಪುಟ್ಟ ಕ್ಯಾಮೆರಾ. ಒಳಗಿನದೆಲ್ಲ ಟಿ.ವಿ. ಪರದೆಯ ಮೇಲೆ ಕಾಣುತ್ತದೆ. ಇದಕ್ಕೆ ಕೊಲೊನೊಸ್ಕೋಪಿ ಅಂತಾರೆ. ಹೆಸರು ಉದ್ದ. ಕೊ-ಲೊ-ನೊ-ಸ್ಕೋ-ಪಿ. ಒಂದು ಸಲ ಬಿಡಿಸಿ ಓದಿ, ಸಾಕು.

ಹಿಂದಿನ ಕಾಲದಲ್ಲಿ ಮೇಲಿನ ಕರುಳಿನಲ್ಲಿ ಪಾಲಿಪ್ ಇದ್ದರೆ ಹೊಟ್ಟೆ ಕೊಯ್ದೇ ತೆಗೆಯಬೇಕಾಗಿತ್ತು. 1969ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಇಬ್ಬರು ಡಾಕ್ಟರು ದಾರಿ ತೋರಿಸಿದರು. ಒಬ್ಬರು ಜಪಾನಿನಲ್ಲಿ ಹುಟ್ಟಿದ ಹಿರೋಮಿ ಶಿನ್ಯಾ, ಇನ್ನೊಬ್ಬರು ವಿಲಿಯಂ ವುಲ್ಫ್. ಕೊಳವೆಯ ಒಳಗಿನಿಂದ ತಂತಿಯ ಕುಣಿಕೆ ಕಳಿಸಿ, ಹೊಟ್ಟೆ ಕೊಯ್ಯದೆ ಪಾಲಿಪ್ ತೆಗೆದರು. ಆ ಕುಣಿಕೆಯನ್ನೇ ಇವತ್ತಿಗೂ ಬಳಸುತ್ತೇವೆ. ದನದ ಕೊರಳಿಗೆ ಕುಣಿಕೆ ಹಾಕುವ ಹಾಗೆ ಪಾಲಿಪ್ಪಿನ ತೊಟ್ಟಿಗೆ ಹಾಕಿ ಬಿಗಿಯುತ್ತಾರೆ. ತಂತಿಯಲ್ಲಿ ಸ್ವಲ್ಪ ಕರೆಂಟು ಹರಿಸುತ್ತಾರೆ. ತೊಟ್ಟು ಕತ್ತರಿಸುತ್ತದೆ, ರಕ್ತನಾಳ ಸುಟ್ಟು ಮುಚ್ಚಿಕೊಳ್ಳುತ್ತದೆ. ಮಗುವಿಗೆ ಮತ್ತು ಬರುವ ಔಷಧಿ ಕೊಟ್ಟಿರುತ್ತಾರೆ, ಗೊತ್ತೇ ಆಗುವುದಿಲ್ಲ. ಉಗುರು ಕತ್ತರಿಸಿದರೆ ಹೇಗೆ ನೋವಿಲ್ಲವೋ, ಪಾಲಿಪ್ ಕತ್ತರಿಸಿದರೂ ಹಾಗೇ. ಹೊಟ್ಟೆಯ ಮೇಲೆ ಗಾಯ ಇಲ್ಲ, ಹೊಲಿಗೆ ಇಲ್ಲ. ಹೆಚ್ಚಿನ ಮಕ್ಕಳು ಅವತ್ತು ಸಂಜೆಯೋ ಮಾರನೇ ದಿನವೋ ಮನೆಗೆ ಹೋಗುತ್ತಾರೆ.

ಕಷ್ಟ ಇರುವುದು ಹಿಂದಿನ ದಿನ. ಕರುಳು ಪೂರ್ತಿ ಖಾಲಿಯಾಗಬೇಕು. ಇಲ್ಲದಿದ್ದರೆ ಕ್ಯಾಮೆರಾಕ್ಕೆ ಮಲ ಬಿಟ್ಟು ಬೇರೇನೂ ಕಾಣದು. ಬೇಧಿಯಾಗುವ ಔಷಧಿಯನ್ನು ನೀರಿನಲ್ಲಿ ಕಲಸಿ ಕೊಡುತ್ತಾರೆ. ಬಹಳ ಕುಡಿಯಬೇಕು, ರುಚಿಯೂ ಚೆನ್ನಾಗಿಲ್ಲ. ಮಕ್ಕಳು ಉಗುಳುತ್ತಾರೆ, ಹಟ ಮಾಡುತ್ತಾರೆ. ಕಥೆ ಹೇಳುತ್ತಾ ಗುಟುಕು ಗುಟುಕಾಗಿ ಕುಡಿಸಬೇಕು. ಇದು ನಮ್ಮಿಂದ ಆಗುವುದಿಲ್ಲ, ನಿಮ್ಮಿಂದಲೇ ಆಗಬೇಕು. ಅವತ್ತು ಅನ್ನ, ಮುದ್ದೆ, ಹಾಲು ಇಲ್ಲ. ಎಳನೀರು, ಸಕ್ಕರೆ ನೀರು, ಚೆನ್ನಾಗಿ ಸೋಸಿದ ತಿಳಿಸಾರು, ಹೀಗೆ ತಿಳಿಯಾದದ್ದು ಮಾತ್ರ. ಅಜ್ಜಿಯರಿಗೆ ಒಂದು ಮಾತು. ಮಗು ಹಸಿದಿದೆ ಅಂತ ಮರುಕಪಟ್ಟು, ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಡಬೇಡಿ. ರಾಗಿ ಅಂಬಲಿಯಂತೂ ಬೇಡವೇ ಬೇಡ, ಕರುಳಿಗೆಲ್ಲ ಅಂಟಿಕೊಳ್ಳುತ್ತದೆ. ಮತ್ತು ಕೊಡುವ ಮುಂಚೆ ಇಷ್ಟು ಗಂಟೆ ಹನಿ ನೀರೂ ಬೇಡ ಅಂತ ಹೇಳುತ್ತಾರೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಅದು ಜೀವಕ್ಕೇ ಅಪಾಯ. ಕದ್ದು ಕೊಟ್ಟಿದ್ದರೆ ಬೈಗುಳಕ್ಕೆ ಹೆದರದೆ ನಿಜ ಹೇಳಿಬಿಡಿ. ಪರೀಕ್ಷೆ ಮುಂದಕ್ಕೆ ಹಾಕುತ್ತಾರೆ, ಅಷ್ಟೇ.

ಇದರಲ್ಲಿ ಅಪಾಯವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಹಳ ಅಪರೂಪಕ್ಕೆ ಕರುಳಿನಲ್ಲಿ ತೂತಾಗಬಹುದು. ಕತ್ತರಿಸಿದ ಜಾಗದಿಂದ ಆಮೇಲೆ ರಕ್ತ ಬರಬಹುದು. ಮನೆಗೆ ಹೋದ ಮೇಲೆ ಎರಡು ವಾರ ಕಣ್ಣಿಟ್ಟಿರಿ. ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಜೋರು ಹೊಟ್ಟೆನೋವು, ವಾಂತಿ, ಜ್ವರ ಬಂದರೆ, ಹೆಚ್ಚು ರಕ್ತ ಹೋದರೆ ತಕ್ಷಣ ಬನ್ನಿ. ಮೊದಲ ದಿನ ಒಂದೆರಡು ಹನಿ ಕಂಡರೆ ಗಾಬರಿ ಬೇಡ.

ತೆಗೆದ ಪಾಲಿಪ್ಪನ್ನು ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ರಿಪೋರ್ಟು ಕೆಲವು ದಿನ ಬಿಟ್ಟು ಬರುತ್ತದೆ. ಮಗು ಆಡಿಕೊಂಡಿದೆ, ಇನ್ನು ರಿಪೋರ್ಟು ಯಾಕೆ ಅಂತ ಎಷ್ಟೋ ಜನ ಬರುವುದೇ ಇಲ್ಲ. ಬರಲೇಬೇಕು. ರಿಪೋರ್ಟು ಇಂಗ್ಲಿಷಿನಲ್ಲಿ ಇರುತ್ತದೆ. ಇರಲಿ. ನಿಮ್ಮ ಹತ್ತಿರ ಈಗ ನೋಟುಬುಕ್ಕು ಇದೆ, ಪೆನ್ಸಿಲ್ಲು ಇದೆ. ಡಾಕ್ಟರ ಎದುರು ಕೂತು ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ. ಪಾಲಿಪ್ ಎಷ್ಟು ಇದ್ದವು? ದೊಡ್ಡ ಕರುಳು ಪೂರ್ತಿ ನೋಡಿದಿರಾ? ಇದು ಯಾವ ಜಾತಿ? ಮತ್ತೆ ಯಾವಾಗ ಬರಬೇಕು? ಈ ನಾಲ್ಕಕ್ಕೆ ಉತ್ತರ ಬರೆದ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಇಡಿ.

ಒಂದೇ ಪಾಲಿಪ್, ಜುವೆನೈಲ್ ಜಾತಿ ಅಂತ ಬಂದರೆ ಕಥೆ ಮುಗಿಯಿತು. ಮತ್ತೆ ಬರುವುದು ಅಪರೂಪ. ಮತ್ತೆ ರಕ್ತ ಕಂಡರೆ ಮಾತ್ರ ಬನ್ನಿ.

ಐದು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮಾತು ಬೇರೆ. ಅಡಿನೋಮ ಅನ್ನುವ ಜಾತಿ ಬಂದರೂ ಬೇರೆ. ಇವು ವಂಶದಲ್ಲಿ ಹರಿದು ಬರಬಹುದು. ದೊಡ್ಡವರಾದ ಮೇಲೆ ಕ್ಯಾನ್ಸರ್‌ಗೆ ತಿರುಗುವ ಭಯವೂ ಇದೆ. ಅಂಥ ಮಕ್ಕಳನ್ನು ಡಾಕ್ಟರು ಹೇಳಿದ ಅವಧಿಗೆ ಮತ್ತೆ ಮತ್ತೆ ಕರೆತರಬೇಕು. ಒಡಹುಟ್ಟಿದವರನ್ನೂ ತೋರಿಸಬೇಕಾಗಬಹುದು. ತುಟಿಯ ಮೇಲೆ, ಬಾಯಿಯೊಳಗೆ ಕಂದು ಬಣ್ಣದ, ಕಪ್ಪು ಬಣ್ಣದ ಚುಕ್ಕೆಗಳಿರುವ ಮಕ್ಕಳಲ್ಲಿ ಸಣ್ಣ ಕರುಳಿನಲ್ಲೂ ಪಾಲಿಪ್ ಇರಬಹುದು. ಚುಕ್ಕೆ ಕಂಡರೆ ಡಾಕ್ಟರಿಗೆ ತೋರಿಸಿ. ನಿಮ್ಮ ತವರಲ್ಲೋ ಗಂಡನ ಮನೆಯಲ್ಲೋ ಚಿಕ್ಕ ವಯಸ್ಸಿಗೆ ಕರುಳಿನ ಕ್ಯಾನ್ಸರ್ ಆಗಿ ತೀರಿಕೊಂಡವರಿದ್ದರೆ ಅದನ್ನು ಮುಚ್ಚಿಡಬೇಡಿ. ಆ ಒಂದು ಮಾತಿನಿಂದ ನಾಲ್ಕು ಮಕ್ಕಳು ಉಳಿಯಬಹುದು.

ದುಡ್ಡಿನ ಮಾತು. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ರೇಷನ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಮೇಲಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಆ ಚೀಟಿ ಕಳೆಯಬೇಡಿ. ದೊಡ್ಡ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಯಾವುದಕ್ಕೆ ಎಷ್ಟು ಸಿಗುತ್ತದೆ ಅಂತ ಅವರನ್ನು ಕೇಳಿ. ದಾರಿ ಗೊತ್ತಾಗದಿದ್ದರೆ ನಿಮ್ಮೂರ ಆಶಾ ಅಕ್ಕನನ್ನು ಕರೆದುಕೊಂಡು ಹೋಗಿ.

ಆ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆವು. ಪಾಲಿಪ್ ತೆಗೆದೆವು. ಮೇಲೆ ಇನ್ನೂ ಇವೆಯೋ ಅಂತ ದೊಡ್ಡ ಕರುಳು ಪೂರ್ತಿ ನೋಡಿದೆವು, ಇರಲಿಲ್ಲ. ಕಬ್ಬಿಣದ ಟಾನಿಕ್ ಮೂರು ತಿಂಗಳು ಕುಡಿದ. ಸುಣ್ಣ ಕೆರೆಯುವುದು ನಿಂತಿತು. ಪುಟ್ಟ ಬಾಟಲಿಯಲ್ಲಿದ್ದ ಪಾಲಿಪ್ಪನ್ನು ತೋರಿಸಿದಾಗ ಅವನ ತಾಯಿ ಅಂದರು, "ಇಷ್ಟಕ್ಕಾ ನಾವು ಕುರಿ ಮಾರಿದ್ದು?"

ಮಾತು ಮುಗಿದ ಮೇಲೆ ಅಕ್ಕಂದಿರು ಕೆಲವು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಬರೆದಿದ್ದೇವೆ.

"ಹೆಣ್ಣುಮಗು ಆದರೆ ಮುಂದೆ ಮದುವೆಗೆ, ಹೆರಿಗೆಗೆ ತೊಂದರೆ ಆಗುತ್ತಾ?"

ಇಲ್ಲ. ಗರ್ಭಕೋಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೈಮೇಲೆ ಕಲೆಯೂ ಉಳಿಯುವುದಿಲ್ಲ.

"ಮಾತ್ರೆಯಲ್ಲೇ ಕರಗಿಸೋಕೆ ಆಗಲ್ವಾ?"

ಆಗಲ್ಲ. ಇಂಥ ಪಾಲಿಪ್ ಕರಗಿಸುವ ಮಾತ್ರೆ, ಪುಡಿ, ಕಷಾಯ ಯಾವುದೂ ಇಲ್ಲ.

"ಮತ್ತು ಕೊಟ್ಟರೆ ಮಗುವಿನ ಬುದ್ಧಿ ಮಂದ ಆಗುತ್ತೆ ಅಂತಾರೆ, ನಿಜವಾ?"

ಅರ್ಧ ಗಂಟೆ, ಒಂದು ಗಂಟೆಯ ಮತ್ತಿನಿಂದ ಹಾಗೇನೂ ಆಗುವುದಿಲ್ಲ. ರಕ್ತ ಕಡಿಮೆಯಾದ ಮಗುವೇ ಪಾಠದಲ್ಲಿ ಹಿಂದೆ ಬೀಳುವುದು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೊನೆಗೆ ಎದ್ದರು. ಪ್ರಶ್ನೆ ಕೇಳಲಿಲ್ಲ. "ನಮ್ಮ ಮೊಮ್ಮಗಳಿಗೆ ಐದು ವರ್ಷ. ನೀವು ಹೇಳಿದ ಹಾಗೇ ಆಗ್ತಿದೆ. ಸೊಸೆ ಹೇಳಿದ್ದಳು, ನಾನೇ ಉಷ್ಣ ಅಂದಿದ್ದೆ" ಅಂದರು. ಯಾವ ದಿನ ರಕ್ತ ಕಂಡಿತು ಅಂತ ಸೊಸೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳಂತೆ. ಆ ಕ್ಯಾಲೆಂಡರನ್ನೂ ತೆಗೆದುಕೊಂಡು ನಾಳೆಯೇ ಬನ್ನಿ ಅಂದೆವು. ಮೊದಲ ಬಸ್ಸು ಏಳೂವರೆಗೆ ಇದೆ.